ತಲೆಗೆಷ್ಟು ಬಯಲು?

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಎಂಬ ಏರ್ಪಾಡಿನ ಬಗ್ಗೆ ನನಗೆ ತುಂಬ ಗೌರವ. ಹಿರಿಯರೊಬ್ಬರು ಒಂದಿಷ್ಟು ಹಣವನ್ನು ಇಡುಗಂಟಾಗಿ ಇಟ್ಟು ಹೋಗುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. ಇಡುಗಂಟನ್ನು ಮುಟ್ಟುವ ಅಧಿಕಾರ ಯಾವ ಕಾರ್ಯಕಾರಿ ಸಮಿತಿಗೂ ಇಲ್ಲ, ಸಂಸ್ಥೆಗೆ ಕಷ್ಟ ಬಂದ ವರ್ಷವೂ ಇಲ್ಲ. ಊರಿನ ಬಯಲು ನೆಲ ಇಂಥದೇ ಇಡುಗಂಟು. ನೆರಳು, ತಂಪು, ಇಂಗುವ ನೀರು, ಮಕ್ಕಳ ಆಟ ಇವೆಲ್ಲ ಅದರ ಬಡ್ಡಿ. ನಮ್ಮ ನಗರಗಳಲ್ಲಿ ಈಗ ಆಗುತ್ತಿರುವುದು ಇಡುಗಂಟನ್ನೇ ಒಡೆದು ಹಂಚುವ ಕೆಲಸ. ಆ ಕೆಲಸ ಕಾನೂನಿನ ಹೆಸರಿನಲ್ಲಿಯೇ, ಗೆಜೆಟ್ ಅಧಿಸೂಚನೆಯ ಮೂಲಕವೇ ನಡೆಯುತ್ತಿದೆ. ಆದ್ದರಿಂದ ಅದನ್ನು ತಡೆಯುವುದಕ್ಕೂ ಕಾನೂನನ್ನೇ ಓದಬೇಕು.

ನಗರ ಯೋಜನೆಯ ಪಾಠ ಹೇಳಿಕೊಂಡು ಬಂದ ನನಗೆ ಇಂದು ಹೇಳಬೇಕಾದ ಮಾತು ಒಂದೇ. ಒಂದು ಜಮೀನಿನ ಬಳಕೆಯನ್ನು ಬದಲಿಸಿ ಅಲ್ಲಿ ಒತ್ತೊತ್ತಾಗಿ ವಸತಿ ಗೋಪುರಗಳನ್ನು ಕಟ್ಟಲು ಬಿಡುವಾಗ ಹಸಿರು ಜಾಗವನ್ನು ಜಮೀನಿನ ಶೇಕಡಾವಾರು ಲೆಕ್ಕದಲ್ಲಿ ಬಿಡಿಸಿದರೆ ಸಾಲದು. ಅಲ್ಲಿ ಎಷ್ಟು ಜನ ಬಾಳಲಿದ್ದಾರೆ ಎಂದು ಮೊದಲು ಎಣಿಸಬೇಕು. ತಲೆಗೆ ಇಷ್ಟು ಬಯಲು ಎಂದು ಗೊತ್ತುಮಾಡಬೇಕು. ಮನೆಗಳ ಸಂಖ್ಯೆ ಅದಾದ ಮೇಲೆ ತೀರ್ಮಾನವಾಗಬೇಕು. ಈ ಲೆಕ್ಕ ಕೊಡದ ಭೂಉಪಯೋಗ ಬದಲಾವಣೆಯನ್ನು ನಾಗರಿಕರು ವಿರೋಧಿಸಬೇಕು, ಮತ್ತು ವಿರೋಧಿಸಬೇಕಾದ ಹೊತ್ತಿನಲ್ಲೇ ವಿರೋಧಿಸಬೇಕು.

ನಕ್ಷೆಯ ಬಣ್ಣ

ಮಹಾಯೋಜನೆಯ ನಕ್ಷೆಯನ್ನು ನೋಡಿದವರಿಗೆ ಗೊತ್ತು: ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಕಾಗದದ ಮೇಲೆ ಒಂದು ತುಂಡಿನ ಬಣ್ಣ ಬದಲಾದರೆ ನೆಲದ ಮೇಲೆ ಅದರ ಬೆಲೆ ಹಲವು ಪಟ್ಟು ಏರುತ್ತದೆ. ಆ ಏರಿಕೆಗೆ ಮಾಲೀಕ ಒಂದು ಗುದ್ದಲಿ ಮಣ್ಣನ್ನೂ ಎತ್ತಬೇಕಿಲ್ಲ. ಅದು ಸರ್ಕಾರದ ಸಹಿಯಿಂದ, ಎಂದರೆ ನಮ್ಮೆಲ್ಲರ ಹೆಸರಿನಲ್ಲಿ, ಹುಟ್ಟುವ ಬೆಲೆ. ಹಾಗಾಗಿ ಪ್ರತಿಯಾಗಿ ಊರಿಗೆ ಏನು ಸಿಗುತ್ತದೆ ಎಂದು ಕೇಳುವುದು ನಮ್ಮ ಹಕ್ಕು.

ಕರ್ನಾಟಕದಲ್ಲಿ ಈ ಬದಲಾವಣೆ ನಡೆಯುವುದು 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ. ಮಹಾಯೋಜನೆ ಜಾರಿಗೆ ಬಂದ ಮೇಲೂ ಸರ್ಕಾರದ ಪೂರ್ವಾನುಮತಿ ಪಡೆದು ಯೋಜನಾ ಪ್ರಾಧಿಕಾರ ಅದರಲ್ಲಿ ಬದಲಾವಣೆ ಮಾಡಬಹುದು ಎಂದು ಅದರ 14-ಎ ಪ್ರಕರಣ ಹೇಳುತ್ತದೆ. ಹೇಳಿ ಸುಮ್ಮನಾಗುವುದಿಲ್ಲ; ಮೂರು ಕಟ್ಟುಗಳನ್ನೂ ಹಾಕುತ್ತದೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು. ಈ ಕಾಯ್ದೆಗಾಗಲಿ ಭೂಬಳಕೆಯ ಬೇರೆ ಯಾವುದೇ ಕಾನೂನಿಗಾಗಲಿ ವಿರುದ್ಧವಾಗಿರಬಾರದು. ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಈ ಮೂರೂ ಕಟ್ಟುಗಳು ನಮಗಾಗಿ ಇರುವವು. ಮೂರನೆಯದನ್ನು ನಾವು ಬಳಸದಿದ್ದರೆ ಮೊದಲಿನೆರಡು ಕಾಗದದಲ್ಲೇ ಉಳಿಯುತ್ತವೆ.

ಬೆಂಗಳೂರಿನ ಮಟ್ಟಿಗೆ ಈ 14-ಎ ಪ್ರಕರಣ ಇನ್ನೂ ಭಾರವಾಗಿದೆ. 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆಗೆ 2015 ಗಡುವಿನ ವರ್ಷವಾಗಿತ್ತು. 2031ರವರೆಗಿನ ಹೊಸ ಯೋಜನೆಯ ಕರಡು 2017ರಲ್ಲಿ ಹೊರಬಂತು. ಮುಂದೆ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಅವಧಿ ಮುಗಿದ ಯೋಜನೆಯ ನೆರಳಿನಲ್ಲಿ ಊರು ಬೆಳೆಯುತ್ತಲೇ ಬಂತು. ಹೀಗಿರುವಾಗ ಸರ್ವೆ ನಂಬರೊಂದರ ಬಣ್ಣ ಇಲ್ಲಿ, ಇನ್ನೊಂದರ ಬಣ್ಣ ಅಲ್ಲಿ ಬದಲಾಗುತ್ತ ಹೋದರೆ ನಗರದ ನಿಜವಾದ ಯೋಜನೆ ಬರೆಯುವುದು ಈ ಬಿಡಿ ಅಧಿಸೂಚನೆಗಳೇ. ಮುಚ್ಚಿದ ಕಾರ್ಖಾನೆಗಳ ಅಂಗಳವೂ ಊರಿನ ಒಳಗೆ ಉಳಿದ ದೊಡ್ಡ ತೆರವು ನೆಲ. ಬಿನ್ನಿ ಮಿಲ್ಲಿನ ಜಾಗದಲ್ಲಿ ಇಂದು ವಸತಿ ಗೋಪುರಗಳಿವೆ, ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಇದೆ. ಅಂಥ ಜಾಗ ಮತ್ತೆ ಸೃಷ್ಟಿಯಾಗುವುದಿಲ್ಲ.

ಹತ್ತು ಎಕರೆಯ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಇದು ಯಾವುದೋ ಒಂದು ಯೋಜನೆಯ ಅಂಕಿಯಲ್ಲ. ಕಾಗದ ಪೆನ್ಸಿಲು ಇರುವ ಯಾರು ಬೇಕಾದರೂ ಮಾಡಿ ನೋಡಬಹುದಾದ ಮಾದರಿ ಲೆಕ್ಕ.

ಹತ್ತು ಎಕರೆ ಎಂದರೆ ಸುಮಾರು 40,000 ಚದರ ಮೀಟರ್. ಅದರಲ್ಲಿ ಹಳೆಯ ರೀತಿಯ ನಿವೇಶನಗಳ ಬಡಾವಣೆ ಮಾಡಿದೆವು ಎಂದುಕೊಳ್ಳಿ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಂತೆ ಪ್ರಾಧಿಕಾರದ ಬಡಾವಣೆಯಲ್ಲಿ ಶೇ. 15ಕ್ಕೆ ಕಡಿಮೆಯಿಲ್ಲದಷ್ಟು ನೆಲ ಉದ್ಯಾನ, ಆಟದ ಮೈದಾನಗಳಿಗೆ ಮೀಸಲು. ಅದರ ಮೇಲೆ ಶೇ. 10 ನಾಗರಿಕ ಸೌಕರ್ಯಗಳಿಗೆ ಮೀಸಲು. ರಸ್ತೆಗಳನ್ನೂ ಕಳೆದು ಅರ್ಧಕ್ಕಿಂತ ತುಸು ಹೆಚ್ಚು ನೆಲ ನಿವೇಶನಗಳಿಗೆ ಉಳಿಯಿತು ಎನ್ನೋಣ. ಮೂವತ್ತು ನಲವತ್ತರ ಸೈಟುಗಳು ಸುಮಾರು 200 ಆಗುತ್ತವೆ. ಸೈಟಿಗೊಂದು ಮನೆ, ಮನೆಗೆ ನಾಲ್ಕು ಜನ. ಒಟ್ಟು 800 ಜನ. ಉದ್ಯಾನಕ್ಕೆ ಬಿಟ್ಟದ್ದು 6,000 ಚದರ ಮೀಟರ್. ತಲೆಗೆ ಏಳೂವರೆ ಚದರ ಮೀಟರ್ ಬಂತು.

ಅದೇ ಹತ್ತು ಎಕರೆಯನ್ನು ಗೋಪುರಗಳಿಗೆ ಕೊಡೋಣ. ನೆಲದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಎಂಬ ಅನುಪಾತಕ್ಕೆ ಎಫ್‌ಎಆರ್ ಎನ್ನುತ್ತೇವೆ. ಅದು ಮೂರು ಇದ್ದರೆ 1,20,000 ಚದರ ಮೀಟರ್ ಕಟ್ಟಡ ಏಳುತ್ತದೆ. ಲಿಫ್ಟು, ಪಡಸಾಲೆಗಳ ಪಾಲೂ ಸೇರಿ ಮನೆಗೆ 100 ಚದರ ಮೀಟರ್ ಹಿಡಿದರೆ 1,200 ಮನೆ. ಜನ 4,800. ಅದೇ ಶೇ. 15ನ್ನು ಪೂರ್ತಿ ಬಿಟ್ಟರೂ ಬಯಲು 6,000 ಚದರ ಮೀಟರೇ. ತಲೆಗೆ ಸಿಗುವುದು ಒಂದೂಕಾಲು ಚದರ ಮೀಟರ್. ಹದಿಮೂರೂವರೆ ಚದರ ಅಡಿ. ಶೇ. 10 ಮಾತ್ರ ಬಿಟ್ಟರೆ ಒಂದು ಚದರ ಮೀಟರೂ ಇಲ್ಲ.

ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2014ರಲ್ಲಿ ಹೊರಡಿಸಿದ ನಗರ ಯೋಜನಾ ಮಾರ್ಗಸೂಚಿಗಳು ಒಬ್ಬರಿಗೆ 10ರಿಂದ 12 ಚದರ ಮೀಟರ್ ಬಯಲು ಇರಲಿ ಎನ್ನುತ್ತವೆ. 4,800 ಜನಕ್ಕೆ ಕನಿಷ್ಠ ಹತ್ತರಂತೆ ಗುಣಿಸಿ ನೋಡಿ: 48,000 ಚದರ ಮೀಟರ್. ಇಡೀ ಜಮೀನೇ 40,000. ಅಂದರೆ ಒಂದು ಇಟ್ಟಿಗೆಯನ್ನೂ ಇಡದೆ ಹತ್ತು ಎಕರೆಯನ್ನೂ ಬಯಲಾಗಿ ಬಿಟ್ಟರೂ ಆ ಜನಕ್ಕೆ ಸಾಲದು. ಉಳಿದದ್ದು ಪಕ್ಕದ ಬಡಾವಣೆಯ ಉದ್ಯಾನದಿಂದ, ಪಕ್ಕದ ಕೆರೆಯ ದಂಡೆಯಿಂದ, ಪಕ್ಕದ ಶಾಲೆಯ ಮೈದಾನದಿಂದ ಬರಬೇಕು. ಅಲ್ಲಿ ಈಗಾಗಲೇ ಬೇರೆ ಜನ ಇದ್ದಾರೆ. ಅವರ ಪಾಲೂ ಈ ಹೊತ್ತಿಗೆ ಕರಗಿರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಬೆಂಗಳೂರಿನ ಮರಗಳನ್ನು ಲೆಕ್ಕ ಹಾಕಿ, ಸರಾಸರಿ ಏಳು ಜನಕ್ಕೆ ಒಂದು ಮರ ಎಂದು ಹೇಳಿ ವರ್ಷಗಳೇ ಆದವು.

ದೋಷ ಎಲ್ಲಿದೆ ಎಂದು ಈಗ ಗೊತ್ತಾಗುತ್ತದೆ. ಶೇ. 15 ಎಂಬ ನಿಯಮ ಹುಟ್ಟಿದ್ದು ಒಂದು ಸೈಟು ಒಂದು ಮನೆ ಎಂಬ ಕಾಲದಲ್ಲಿ. ಆ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಎಫ್‌ಎಆರ್ ಏರುತ್ತ ಹೋಯಿತು, ಅದರೊಂದಿಗೆ ಜನ ಏರಿದರು. ಉದ್ಯಾನದ ಶೇಕಡಾ ಮಾತ್ರ ಇದ್ದಲ್ಲೇ ನಿಂತಿತು. ಕಟ್ಟಡಕ್ಕೆ ಮೇಲಕ್ಕೆ ಬೆಳೆಯಲು ಅನುಮತಿ ಕೊಡಬಹುದು. ಬಯಲು ಮೇಲಕ್ಕೆ ಬೆಳೆಯುವುದಿಲ್ಲ.

ಗೋಮಾಳವನ್ನು ಅಳೆದ ರೀತಿ

ತಲೆಲೆಕ್ಕದಲ್ಲಿ ನೆಲ ಬಿಡುವುದು ಹೊರಗಿನಿಂದ ಬಂದ ವಿಚಾರವೇನಲ್ಲ. ನಮ್ಮ ಕಂದಾಯ ಕಾನೂನಿನಲ್ಲೇ ಅದು ಇದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮ ಗೋಮಾಳದ ಬಗ್ಗೆ ಹೇಳುತ್ತದೆ. ಹಳ್ಳಿಯ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ ಹುಲ್ಲುಗಾವಲು ಇರಬೇಕು. ಹಳ್ಳಿಯ ಒಟ್ಟು ನೆಲದಲ್ಲಿ ಶೇಕಡಾ ಇಷ್ಟು ಎಂದು ಅದು ಹೇಳಲಿಲ್ಲ. ರಾಸುಗಳು ಎಷ್ಟು ಎಂದು ಕೇಳಿತು. ರಾಸೊಂದಕ್ಕೆ 1,200 ಚದರ ಮೀಟರ್ ಎಂದು ಲೆಕ್ಕ ಕಟ್ಟಿಕೊಟ್ಟಿತು.

ಮೇಯುವ ರಾಸಿನ ಅಗತ್ಯವೂ ಪಟ್ಟಣದ ಮನುಷ್ಯನ ಅಗತ್ಯವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಳೆಯುವ ರೀತಿಯನ್ನು ಗಮನಿಸಿ ಎನ್ನುತ್ತಿದ್ದೇನೆ. ನಿಯಮ ಬರೆದವರಿಗೆ ಹಳ್ಳಿ ಗೊತ್ತಿತ್ತು. ಜಾನುವಾರು ಹೆಚ್ಚಿದರೆ ಹುಲ್ಲುಗಾವಲೂ ಹೆಚ್ಚಬೇಕು ಎಂಬ ತಿಳಿವಳಿಕೆ ಅವರಿಗೆ ಸಹಜವಾಗಿ ಬಂತು. ಗೋಮಾಳ, ಗುಂಡುತೋಪು, ಕೆರೆಯಂಗಳ, ಖರಾಬು ಎಂದು ಪಹಣಿಯಲ್ಲಿ ಬರೆದು ಕಾಯ್ದಿಟ್ಟ ಆ ನೆಲವನ್ನೇ ಬೆಳೆಯುತ್ತಿರುವ ನಗರ ನುಂಗಿತು. ನುಂಗಿದ ಮೇಲೆ, ಅದರ ಮೇಲೆ ಬಂದು ನೆಲೆಸಿದ ಜನಕ್ಕೆ ತಲೆಗೆಷ್ಟು ಎಂದು ಕೇಳುವುದನ್ನು ನಿಲ್ಲಿಸಿತು.

ನಗರಗಳೂ ಮೊದಲಿಂದ ಹೀಗಿರಲಿಲ್ಲ. 1898ರ ಪ್ಲೇಗು ಬೆಂಗಳೂರಿನ ಹಳೆಯ ಪೇಟೆಯ ಇಕ್ಕಟ್ಟಿಗೆ ಬಿದ್ದಾಗ ಗಾಳಿ ಬೆಳಕಿನ ಬೆಲೆ ಆಡಳಿತಕ್ಕೆ ತಿಳಿಯಿತು. ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ಉದ್ಯಾನ, ಮನೆ ಮನೆಯ ನಡುವೆ ಜಾಗ ಇಟ್ಟುಕೊಂಡು ಬೆಳೆದವು. 1908ರಿಂದ 1932ರವರೆಗೆ ತೋಟಗಾರಿಕೆಯ ಹೊಣೆ ಹೊತ್ತ ಕ್ರುಂಬಿಗಲ್, ವರ್ಷದ ಯಾವ ತಿಂಗಳಿಗೂ ಒಂದಲ್ಲ ಒಂದು ರಸ್ತೆಯಲ್ಲಿ ಹೂವಿರುವಂತೆ ಮರಗಳನ್ನು ಆರಿಸಿ ನೆಡಿಸಿದರು. ನಾವು ಇಂದೂ ಆ ಬಡ್ಡಿಯಲ್ಲಿ ಬದುಕುತ್ತಿದ್ದೇವೆ. ನಮ್ಮ ಕಾಲದಲ್ಲಿ ಇಡುಗಂಟಿಗೆ ಏನು ಸೇರಿಸಿದೆವು ಎಂದು ಕೇಳಿಕೊಂಡರೆ ಉತ್ತರ ಕೊಡಲು ಕಷ್ಟ.

ಮುಂಬಯಿಯ ಗಿರಣಿಗಳು ಹೇಳುವುದೇನು

ನಿಯಮದಲ್ಲಿ ಒಂದು ಸಾಲು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಯ ಬಟ್ಟೆ ಗಿರಣಿಗಳಿಗಿಂತ ದೊಡ್ಡ ಸಾಕ್ಷಿ ನಮ್ಮ ದೇಶದಲ್ಲಿಲ್ಲ. ಪರೇಲ್, ಲಾಲ್‌ಬಾಗ್, ವರ್ಲಿ ಸುತ್ತ ಗಿರಣಿಗಳು ಮುಚ್ಚಿದಾಗ ಸುಮಾರು 600 ಎಕರೆ ನೆಲ ಊರಿನ ನಡುವೆಯೇ ಬಿಡುಗಡೆಗೆ ಬಂತು. 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೆಯ ನಿಯಮ ಅದಕ್ಕೊಂದು ನ್ಯಾಯದ ಸೂತ್ರ ಕೊಟ್ಟಿತ್ತು: ಮೂರನೆಯ ಒಂದು ಪಾಲು ಬಯಲಿಗಾಗಿ ನಗರಪಾಲಿಕೆಗೆ, ಮೂರನೆಯ ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದ ಪಾಲು ಮಾಲೀಕರಿಗೆ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ನೇತೃತ್ವದ ತಂಡ, ಗಿರಣಿಗಳನ್ನು ಬಿಡಿಬಿಡಿಯಾಗಿ ನೋಡದೆ ಎಲ್ಲ ಜಮೀನನ್ನೂ ಒಟ್ಟಿಗೆ ಯೋಜಿಸಿ ಎಂದು ಸಲಹೆ ಮಾಡಿತು.

2001ರಲ್ಲಿ ಆ ನಿಯಮ ತಿದ್ದುಪಡಿಯಾಯಿತು. ಹಂಚಿಕೆ ಇಡೀ ಜಮೀನಿಗೆ ಅನ್ವಯಿಸದೆ, ಗಿರಣಿಯ ಆವರಣದಲ್ಲಿ ಆಗಲೇ ಖಾಲಿ ಬಿದ್ದಿದ್ದ ನೆಲಕ್ಕೆ ಮಾತ್ರ ಅನ್ವಯಿಸುವಂತಾಯಿತು. ಗಿರಣಿಯ ಆವರಣದಲ್ಲಿ ಖಾಲಿ ನೆಲ ಎಷ್ಟಿರುತ್ತದೆ! ಶೆಡ್ಡು, ಗೋದಾಮು, ಚಿಮಣಿಗಳೇ ಎಲ್ಲ. ಊರಿಗೆ ಬರಬೇಕಾದ ಪಾಲು ಹೀಗೆ ಕುಗ್ಗಿತು. ಪರಿಸರ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು. 2005ರಲ್ಲಿ ಮುಂಬಯಿ ಹೈಕೋರ್ಟ್ ಸಂಘಟನೆಯ ಪರವಾಗಿ ತೀರ್ಪು ಕೊಟ್ಟಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಗಿರಣಿಗಳ ಜಾಗದಲ್ಲಿ ಗೋಪುರಗಳು, ಮಾಲುಗಳು, ಕಚೇರಿಗಳು ಎದ್ದವು. ಅಲ್ಲಿಗೆ ಬರುವ ಜನಕ್ಕೆ ರೈಲು ನಿಲ್ದಾಣ, ಕಾಲುಸೇತುವೆ, ಓಣಿ ಎಲ್ಲ ಗಿರಣಿ ಕಾಲದ್ದೇ. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲುಸೇತುವೆಯ ನೂಕುನುಗ್ಗಲಿನಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಜನರನ್ನು ಕೂಡಿಹಾಕಿ ನಿಲ್ಲಲು ಜಾಗ ಬಿಡದ ಯೋಜನೆಯ ಕಟ್ಟಕಡೆಯ ಬೆಲೆ ಅದು.

ನ್ಯಾಯಾಲಯಗಳು ತೆರೆದ ದಾರಿ, ಮುಚ್ಚಿದ ದಾರಿ

ನಮ್ಮ ಊರಿನ ಒಂದು ಮೊಕದ್ದಮೆಯನ್ನು ಪ್ರತಿಯೊಬ್ಬ ನಾಗರಿಕನೂ ತಿಳಿದಿರಬೇಕು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ, ಇಂದಿನ ಸದಾಶಿವನಗರದಲ್ಲಿ, ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಯಿತು. ಸುತ್ತಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ವಿಭಾಗೀಯ ಪೀಠ ಹಂಚಿಕೆಯನ್ನು ರದ್ದುಮಾಡಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣ ಎಂದೇ ಹೆಸರಾದ ಆ ವ್ಯಾಜ್ಯದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಥಾಮ್ಮೆನ್ ಮತ್ತು ಸಹಾಯ್ ಆ ತೀರ್ಪನ್ನು ಎತ್ತಿಹಿಡಿದರು. ಅಲ್ಲಿ ಎರಡು ಮಾತು ಸ್ಥಿರವಾದವು. ಉದ್ಯಾನವನ್ನು ಉಳಿಸಿಕೊಳ್ಳಲು ಬಡಾವಣೆಯ ಸಾಮಾನ್ಯ ನಿವಾಸಿಗೂ ನ್ಯಾಯಾಲಯಕ್ಕೆ ಹೋಗುವ ಹಕ್ಕಿದೆ. ಕಾನೂನು ಬಯಲಿಗೆಂದು ಮೀಸಲಿಟ್ಟ ನೆಲವನ್ನು, ಎಷ್ಟೇ ಎತ್ತರದ ಕುರ್ಚಿಯಿಂದ ಸೂಚನೆ ಬಂದರೂ, ಬೇರೆ ಖಾಸಗಿ ಬಳಕೆಗೆ ಕೊಡುವಂತಿಲ್ಲ. ಗಮನಿಸಿ, ಅಲ್ಲಿ ಎದುರಿಗಿದ್ದದ್ದು ಆಸ್ಪತ್ರೆ. ಆಸ್ಪತ್ರೆಯಂಥ ಒಳ್ಳೆಯ ಉದ್ದೇಶವೂ ಬಯಲನ್ನು ಕಿತ್ತುಕೊಳ್ಳಲು ಸಾಕಾಗಲಿಲ್ಲ.

2023ರ ಜನವರಿ 10ರಂದು ಚಂಡೀಗಡದ ನಿವಾಸಿಗಳ ಸಂಘದ ಮೊಕದ್ದಮೆಯಲ್ಲಿ ಇನ್ನೊಂದು ತೀರ್ಪು ಬಂತು. ಚಂಡೀಗಡದ ಮೊದಲ ಹಂತದ ಬಡಾವಣೆಗಳಲ್ಲಿ ಒಂದೊಂದು ಮನೆಯನ್ನು ಮಹಡಿಗೊಂದು ಅಪಾರ್ಟ್‌ಮೆಂಟಾಗಿ ಒಡೆಯುವುದನ್ನು ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ತಡೆಯಿತು. ಯೋಜನೆಯಿಲ್ಲದೆ ಬೆಳೆದ ನಗರಕ್ಕೆ ಎಚ್ಚರಿಕೆಯಾಗಿ ಆ ತೀರ್ಪು ಎತ್ತಿಕೊಂಡದ್ದು ನಮ್ಮ ಬೆಂಗಳೂರನ್ನು, 2022ರ ಸೆಪ್ಟೆಂಬರಿನ ಪ್ರವಾಹದಲ್ಲಿ ಮುಳುಗಿದ ಬೆಂಗಳೂರನ್ನು. ನಗರಾಭಿವೃದ್ಧಿಗೆ ಅನುಮತಿ ಕೊಡುವ ಮೊದಲು ಪರಿಸರದ ಮೇಲಾಗುವ ಪರಿಣಾಮದ ಅಧ್ಯಯನ ಕಡ್ಡಾಯವಾಗುವಂತೆ ಏರ್ಪಾಡು ಮಾಡಿ ಎಂದು ಕೇಂದ್ರ ಮತ್ತು ರಾಜ್ಯಗಳ ಶಾಸಕಾಂಗ, ಕಾರ್ಯಾಂಗಗಳಿಗೆ ಪೀಠ ಮನವಿ ಮಾಡಿತು.

ಇವು ತೆರೆದ ದಾರಿಗಳು. ಮುಚ್ಚಿದ ದಾರಿಯನ್ನೂ ಹೇಳಬೇಕು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಭಾರಿ ಕಟ್ಟಡ ಯೋಜನೆಗಳ ವಿಚಾರದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಇಡೀ ಬೆಂಗಳೂರಿಗೆ ಅನ್ವಯಿಸುವ ಆದೇಶ ಕೊಟ್ಟಿತು. ಕೆರೆಯಿಂದ 75 ಮೀಟರ್, ಪ್ರಥಮ ದರ್ಜೆಯ ರಾಜಕಾಲುವೆಯಿಂದ 50 ಮೀಟರ್ ಕಟ್ಟಡ ಬೇಡ ಎಂದಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಸಾರ್ವತ್ರಿಕ ಆದೇಶವನ್ನು ರದ್ದುಮಾಡಿತು. ಮಹಾಯೋಜನೆ ಕಾಯ್ದೆಯ ಬಲದಿಂದ ಆದದ್ದು, ಅದನ್ನು ತಿದ್ದುವಂತೆ ಆದೇಶಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂಬುದು ಕಾರಣ. ಇದರ ಪಾಠ ಕಹಿಯಾದರೂ ಸ್ಪಷ್ಟ. ಯೋಜನೆಯಲ್ಲೇ ತಪ್ಪಿದ್ದರೆ ಅದನ್ನು ಯೋಜನೆ ಆಗುವಾಗ, ಇಲ್ಲವೆ ಬದಲಾಗುವಾಗ ಸರಿಪಡಿಸಿಕೊಳ್ಳಬೇಕು. ಮುಂಬಯಿ ಹೇಳಿದ್ದೂ ಇದನ್ನೇ. ಬಣ್ಣ ಬದಲಾದ ಮೇಲೆ ಓಡಿಹೋಗಿ ಬಾಗಿಲು ಬಡಿದರೆ ಅದು ತೆರೆಯುತ್ತದೆ ಎಂಬ ಭರವಸೆಯಿಲ್ಲ.

ಎದುರುವಾದಗಳು

ನಾನು ಹೇಳುವುದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಅವಕ್ಕೆ ಗಂಭೀರವಾಗಿ ಉತ್ತರಿಸಬೇಕು.

ಮೊದಲ ಆಕ್ಷೇಪ: ಜನಕ್ಕೆ ಮನೆ ಬೇಡವೆ? ಸ್ವಂತ ಮನೆ ಮಾಡಿಕೊಂಡವರು ಹೊಸಬರಿಗೆ ಬಾಗಿಲು ಹಾಕುತ್ತಿದ್ದೀರಿ. ಮನೆ ಬೇಕು, ಬೇಕೇ ಬೇಕು. ನಗರ ಅಡ್ಡಕ್ಕೆ ಹರಡುತ್ತಲೇ ಹೋದರೆ ಸುತ್ತಲಿನ ಹೊಲ, ಕೆರೆ, ತೋಪು ಎಲ್ಲ ಹೋಗುತ್ತವೆ. ಮೆಟ್ರೋ ನಿಲ್ದಾಣದ ಬಳಿ ಜನ ಒತ್ತಾಗಿ ವಾಸಿಸುವುದು ಒಳ್ಳೆಯದು. ನಾನು ವಿರೋಧಿಸುತ್ತಿರುವುದು ಬಯಲಿಲ್ಲದ ದಟ್ಟಣೆಯನ್ನು. ದಟ್ಟಣೆ ಮತ್ತು ಬಯಲು ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ವಿಯೆನ್ನಾ ನಗರದ ಕಾರ್ಲ್ ಮಾರ್ಕ್ಸ್ ಹೋಫ್ ಸಾಕ್ಷಿ. ಕಾರ್ಲ್ ಏನ್ ಎಂಬ ನಗರಸಭೆಯ ವಾಸ್ತುಶಿಲ್ಪಿಯ ವಿನ್ಯಾಸದಂತೆ 1927 ಮತ್ತು 1930ರ ನಡುವೆ ಕಟ್ಟಿದ ಕಾರ್ಮಿಕರ ವಸತಿ ಅದು. 1,382 ಮನೆ, ಸುಮಾರು 5,000 ಜನ. ಸುಮಾರು 1,56,000 ಚದರ ಮೀಟರ್ ಜಮೀನಿನಲ್ಲಿ ಕಟ್ಟಡ ಕೂತದ್ದು ಐದನೆಯ ಒಂದು ಪಾಲಿಗೂ ಕಡಿಮೆ ನೆಲದ ಮೇಲೆ. ಉಳಿದದ್ದು ಅಂಗಳ, ತೋಟ, ಆಟದ ಜಾಗ. ನಮ್ಮ ಮಾದರಿ ಲೆಕ್ಕದಷ್ಟೇ ಜನ, ಆದರೆ ತಲೆಗೆ 20 ಚದರ ಮೀಟರಿಗೂ ಹೆಚ್ಚು ಬಯಲು. ಅದು ಶ್ರೀಮಂತರ ಬಡಾವಣೆಯಾಗಿರಲಿಲ್ಲ, ಬಾಡಿಗೆ ಕೊಡುವ ಕೂಲಿಕಾರರದ್ದು. ಸಿಂಗಪುರದ ಮಾತೂ ಹೀಗೆಯೇ. ಸುಮಾರು ಶೇ. 80 ನಿವಾಸಿಗಳು ಸರ್ಕಾರಿ ವಸತಿ ಮಂಡಳಿ ಕಟ್ಟಿದ ಎತ್ತರದ ಕಟ್ಟಡಗಳಲ್ಲಿದ್ದಾರೆ. ಉದ್ಯಾನದಿಂದ ಉದ್ಯಾನಕ್ಕೆ ಜೋಡಿಸುವ 300 ಕಿ.ಮೀ.ಗೂ ಹೆಚ್ಚು ಹಸಿರು ದಾರಿಯನ್ನು ಅವರು ಮಾಡಿಕೊಂಡಿದ್ದಾರೆ.

ಎರಡನೆಯ ಆಕ್ಷೇಪ: ಯೋಜನೆಯಲ್ಲಿ ಹಸಿರು ಇದೆಯಲ್ಲ, ಕರಪತ್ರದಲ್ಲಿ ಚಿತ್ರವೇ ಇದೆ. ಆ ಹಸಿರು ಎಲ್ಲಿದೆ ಎಂದು ನಕ್ಷೆಯ ಸೆಕ್ಷನ್ ತೆಗೆದು ನೋಡಬೇಕು. ಬಹಳ ಕಡೆ ಕೆಳಗೆ ಎರಡು ಮೂರು ಅಂತಸ್ತು ಕಾರು ನಿಲ್ಲಿಸುವ ನೆಲಮಾಳಿಗೆ. ಅದರ ಕಾಂಕ್ರೀಟ್ ಚಾವಣಿಯ ಮೇಲೆ ಒಂದಿಷ್ಟು ಮಣ್ಣು, ಮಣ್ಣಿನ ಮೇಲೆ ಹುಲ್ಲುಹಾಸು. ಅಲ್ಲಿ ಆಲ ಬೆಳೆಯುವುದಿಲ್ಲ, ಹೊಂಗೆಯೂ ಬೇರು ಬಿಡುವುದಿಲ್ಲ. ಬಿದ್ದ ಮಳೆ ಇಂಗುವುದಿಲ್ಲ. ಪೈಪಿನಲ್ಲಿ ಇಳಿದು ಮೋರಿಗೆ, ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ತಗ್ಗಿನ ಮನೆಗೆ ಹೋಗುತ್ತದೆ. ಬೆಂಗಳೂರು ದಿಣ್ಣೆಯ ಮೇಲಿನ ಊರು. ಒಂದೂ ಜೀವನದಿಯಿಲ್ಲ, ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ ಏರಿಸಿ ತರುತ್ತೇವೆ. ಇಂಥ ಊರಿನಲ್ಲಿ ಮಳೆ ನೆಲಕ್ಕೆ ಇಳಿಯುವ ಜಾಗವನ್ನೆಲ್ಲ ಮುಚ್ಚಿದರೆ ಮಳೆಗಾಲಕ್ಕೆ ಪ್ರವಾಹ, ಬೇಸಿಗೆಗೆ ಬತ್ತಿದ ಬೋರ್‌ವೆಲ್. ಎರಡಕ್ಕೂ ಮೂಲ ಒಂದೇ. ಹಾಗಾಗಿ ಚಾವಣಿಯ ಮೇಲಿನ ಹುಲ್ಲನ್ನು ಬಯಲಿನ ಲೆಕ್ಕಕ್ಕೆ ಹಿಡಿಯಬಾರದು.

ಮೂರನೆಯದು: ಕಬ್ಬನ್ ಪಾರ್ಕ್ ಇದೆ, ಲಾಲ್‌ಬಾಗ್ ಇದೆ, ಸಾಲದೆ? ಲಾಲ್‌ಬಾಗಿನ 240 ಎಕರೆ ಇಡೀ ನಾಡಿನ ಭಾಗ್ಯ. ಆದರೆ ನಗರದ ಹೊರವಲಯದ ಮಗು ಸಂಜೆ ಶಾಲೆಯಿಂದ ಬಂದು ಲಾಲ್‌ಬಾಗಿಗೆ ಆಡಲು ಹೋಗಲಾರದು. ಮಂಡಿನೋವಿನ ಅಜ್ಜ, ನಾಲ್ಕು ಮನೆಯ ಕೆಲಸ ಮುಗಿಸಿ ಒಂದು ಗಳಿಗೆ ಕೂರಲು ಜಾಗ ಹುಡುಕುವ ಹೆಣ್ಣುಮಗಳು, ಹಗಲು ರಾತ್ರಿ ಗೇಟು ಕಾಯುವ ಕಾವಲುಗಾರ, ಇವರಿಗೆ ಬಯಲು ಇರಬೇಕಾದದ್ದು ನಡೆದು ಹೋಗುವ ದೂರದಲ್ಲಿ. ಕಾರಿದ್ದವರು ವಾರದ ಕೊನೆಗೆ ನಂದಿಬೆಟ್ಟಕ್ಕೆ ಹೋಗುತ್ತಾರೆ. ಹತ್ತಿರದ ಬಯಲನ್ನು ಕಿತ್ತುಕೊಂಡರೆ ನಿಜವಾಗಿ ಕಳೆದುಕೊಳ್ಳುವವರು ಇಲ್ಲದವರು. ಗೇಟಿನೊಳಗೆ ಸೇರಿಕೊಂಡ ಉದ್ಯಾನವೂ ಅವರದ್ದಾಗುವುದಿಲ್ಲ. ಆದ್ದರಿಂದಲೇ ಸಾರ್ವಜನಿಕ ಬಯಲಿನ ಹೋರಾಟವನ್ನು ಹೊಟ್ಟೆ ತುಂಬಿದವರ ಹವ್ಯಾಸ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಆಕ್ಷೇಪಣಾ ಪತ್ರದಲ್ಲಿ ಏನಿರಬೇಕು

ಕಡೆಗೆ ಕೆಲಸದ ಮಾತು. 2006ರ ಸೆಪ್ಟೆಂಬರಿನ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು. ಆದರೆ ಅದೇ ಅಧಿಸೂಚನೆ ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳನ್ನು ಸಾರ್ವಜನಿಕ ಅಹವಾಲಿನಿಂದ ಹೊರಗಿಟ್ಟಿದೆ. ಅಣೆಕಟ್ಟಿಗೆ, ಗಣಿಗೆ ಸಾರ್ವಜನಿಕ ಸಭೆಯುಂಟು. ಸಾವಿರ ಮನೆಯ ಗೋಪುರಕ್ಕೆ ಇಲ್ಲ. ನಕ್ಷೆ ಮಂಜೂರಾತಿಯಲ್ಲೂ ನೆರೆಯವರನ್ನು ಕೇಳುವ ಪದ್ಧತಿಯಿಲ್ಲ. ಆದ್ದರಿಂದ ನಾವು ಬಾಯಿ ತೆರೆಯಲು ಕಾನೂನು ಇಟ್ಟಿರುವ ಜಾಗ ಹೆಚ್ಚುಕಡಿಮೆ 14-ಎ ಪ್ರಕರಣದ ಆಕ್ಷೇಪಣೆಯೊಂದೇ. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆಯನ್ನು ಓದುವ ಜವಾಬ್ದಾರಿಯನ್ನು ಪ್ರತಿ ಬಡಾವಣೆಯ ಸಂಘವೂ ಯಾರಾದರೊಬ್ಬರಿಗೆ ಒಪ್ಪಿಸಬೇಕು.

ಆಕ್ಷೇಪಣೆಯಲ್ಲಿ ಸಿಟ್ಟು ಬರೆದರೆ ಕಡತ ಮುಂದೆ ಹೋಗುತ್ತದೆ. ಲೆಕ್ಕ ಬರೆದರೆ ಅಧಿಕಾರಿ ಉತ್ತರ ಬರೆಯಬೇಕಾಗುತ್ತದೆ. ಉದ್ದೇಶಿತ ಎಫ್‌ಎಆರ್‌ನಿಂದ ಮನೆಗಳ ಸಂಖ್ಯೆಯನ್ನೂ ಜನರ ಸಂಖ್ಯೆಯನ್ನೂ ಕಟ್ಟಿಕೊಡಿ. ತಲೆಗೆ 10 ಚದರ ಮೀಟರಿನಂತೆ ಬೇಕಾದ ಬಯಲು ಎಷ್ಟು, ಜಮೀನಿನೊಳಗೆ ಸಿಗುವುದೆಷ್ಟು, ಹತ್ತು ನಿಮಿಷ ನಡೆಯುವ ದೂರದಲ್ಲಿ ಈಗ ಇರುವುದೆಷ್ಟು, ಅದನ್ನು ಈಗಾಗಲೇ ಬಳಸುತ್ತಿರುವವರು ಎಷ್ಟು ಎಂದು ಬರೆಯಿರಿ. ಕೊರತೆಯನ್ನು ಯಾರು, ಎಲ್ಲಿ, ಯಾವಾಗ ತುಂಬುತ್ತಾರೆ ಎಂದು ಕೇಳಿ. ನೆಲಮಾಳಿಗೆಯಿಲ್ಲದ ಜೀವಂತ ಮಣ್ಣು ಎಷ್ಟು ಚದರ ಮೀಟರ್ ಎಂದು ಪ್ರತ್ಯೇಕವಾಗಿ ಕೇಳಿ. ರಾಜಕಾಲುವೆ, ಖರಾಬು, ಗುಂಡುತೋಪು ಹಳೆಯ ಗ್ರಾಮನಕ್ಷೆಯಲ್ಲಿ ಇದ್ದರೆ ನಕ್ಷೆಯ ಪ್ರತಿಯನ್ನು ಲಗತ್ತಿಸಿ. ಈ ಬದಲಾವಣೆಯಲ್ಲಿ ಸಾರ್ವಜನಿಕ ಹಿತ ಯಾವುದು ಎಂದು ಕಾಯ್ದೆಯ ಮಾತಿನಲ್ಲೇ ಪ್ರಶ್ನಿಸಿ. ಗಡುವಿನೊಳಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಿಮ್ಮ ಆಕ್ಷೇಪಣೆಯ ಮೇಲೆ ಏನು ಟಿಪ್ಪಣಿ ಬರೆದರು ಎಂದು ಕಡತವನ್ನು ತರಿಸಿ ಓದಿ. ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ ನಿಮ್ಮ ಕೈ ಹಿಡಿಯುವುದು ಈ ಕಾಗದಗಳೇ.

ಸರ್ಕಾರಕ್ಕೂ ಒಂದು ಬೇಡಿಕೆ ಇದೆ. ಬಯಲಿನ ಶೇಕಡಾ ಲೆಕ್ಕದ ಜೊತೆಗೆ ತಲೆಲೆಕ್ಕವನ್ನೂ ನಿಯಮದೊಳಗೆ ಸೇರಿಸಿ. ಹೆಚ್ಚಿನ ಎಫ್‌ಎಆರ್ ಕೊಡುವುದಾದರೆ ಹೆಚ್ಚುವ ಜನಕ್ಕೆ ತಕ್ಕ ಬಯಲನ್ನು ಮೊದಲು ಗುರುತಿಸಿ ಸಾರ್ವಜನಿಕರ ಹೆಸರಿಗೆ ನೋಂದಾಯಿಸಿ, ಆಮೇಲೆ ಅನುಮತಿ ಕೊಡಿ. ಬಯಲು ಸಿಗದ ಕಡೆ ಎಫ್‌ಎಆರ್ ಇಳಿಯಲಿ. ನಗರದ ಉದ್ಯಾನ, ಮೈದಾನಗಳ ಹೊಣೆಯನ್ನು ಸಂವಿಧಾನದ 12ನೆಯ ಅನುಸೂಚಿ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದೆ. ವಾರ್ಡ್ ಸಮಿತಿಯ ಮುಂದೆ ಈ ಲೆಕ್ಕ ಬರದೆ ಯಾವ ದೊಡ್ಡ ಬದಲಾವಣೆಯೂ ಆಗಬಾರದು.

ಮನೆ ಕಟ್ಟುವುದಕ್ಕೆ ಮುಂದಿನ ವರ್ಷವೂ ಅವಕಾಶ ಇರುತ್ತದೆ, ಅದರ ಮುಂದಿನ ವರ್ಷವೂ ಇರುತ್ತದೆ. ಕಟ್ಟಿದ ಗೋಪುರವನ್ನು ಕೆಡವಿ ಉದ್ಯಾನ ಮಾಡಿದ ನಗರಸಭೆಯನ್ನು ನಾನು ನಮ್ಮ ನಾಡಿನಲ್ಲಿ ಕಂಡಿಲ್ಲ. ತಿದ್ದಿಕೊಳ್ಳಲಾಗದ ತೀರ್ಮಾನವನ್ನು ಮೊದಲು, ಹೆಚ್ಚು ಎಚ್ಚರದಿಂದ ತೆಗೆದುಕೊಳ್ಳಬೇಕು ಎಂಬುದು ಯಾವ ಸಂಸಾರಕ್ಕೂ ಗೊತ್ತಿರುವ ವಿವೇಕ. ಆ ವಿವೇಕವನ್ನು ನಗರಕ್ಕೂ ಕೇಳೋಣ. ನಿಮ್ಮ ಬಡಾವಣೆಯ ಬಗ್ಗೆ ಮುಂದಿನ ಪ್ರಕಟಣೆ ಬಂದ ದಿನ ಲೆಕ್ಕ ಹಾಕಿ, ಬರೆದು, ಸಹಿ ಮಾಡಿ, ನೆರೆಯವರಿಂದಲೂ ಸಹಿ ಮಾಡಿಸಿ ಪ್ರಾಧಿಕಾರದ ಕಚೇರಿಗೆ ಮುಟ್ಟಿಸಿ. ಹೊಸದಾಗಿ ಬರಲಿರುವ 4,800 ಜನರ ಪರವಾಗಿಯೂ ಮುಟ್ಟಿಸಿ. ಅವರು ಇನ್ನೂ ಬಂದಿಲ್ಲ, ತಮ್ಮ ಪಾಲಿನ ಬಯಲನ್ನು ಕೇಳಲು ಅವರಿಗೆ ಈಗ ಬೇರೆ ಯಾರೂ ಇಲ್ಲ.